ದರ್ಪಣ, ನಾಡಿ, ಗಂಟೆ

ಹೊಳೆ ದಂಡೆಯಲ್ಲೊಂದು ಆಶ್ರಮ, ಆಶ್ರಮಕ್ಕೆ ಹೊಂದಿಕೊಂಡು ಒಂದು ಆಸ್ಪತ್ರೆ. ಬಂದ ರೋಗಿಗಳ ವಿವರವೆಲ್ಲ ಅಲ್ಲಿನ ಡೇಟಾಬೇಸಿನಲ್ಲಿತ್ತು. ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ, ಎಲ್ಲ ಅದರೊಳಗೆ.

ಆ ಡೇಟಾಬೇಸ್ ಯಾಕೋ ನಿಧಾನವಾಗಿತ್ತು. ರೋಗಿಯ ಹೆಸರು ಹೊಡೆದರೆ ಪುಟ ತೆರೆಯಲು ತಡ. ನರ್ಸುಗಳು ಗೊಣಗುತ್ತಿದ್ದರು.

ಗುರುಗಳು ಪೂರ್ವಾಶ್ರಮದಲ್ಲಿ ಇಂಥ ಡೇಟಾಬೇಸುಗಳ ಕೆಲಸವನ್ನೇ ಮಾಡಿದವರು. ಸನ್ಯಾಸಿಯ ಪೂರ್ವಾಶ್ರಮವನ್ನು ಕೆದಕಬಾರದು ಅನ್ನುತ್ತಾರೆ, ನಾನೂ ಕೆದಕುವುದಿಲ್ಲ. ಅವರು ಶಿಷ್ಯ ಪಂಚಾಕ್ಷರಿಯನ್ನು ಕರೆದರು.

“ಮರಿ, ಇನ್ನು ಆ ಡೇಟಾಬೇಸ್ ನಿನ್ನ ಜವಾಬ್ದಾರಿ.”

“ಆಗ್ಲಿ ಬುದ್ಧಿ,” ಎಂದ ಪಂಚಾಕ್ಷರಿ.

ಪಂಚಾಕ್ಷರಿ ಚುರುಕು, ಅದೇ ತೊಂದರೆ. ಡೇಟಾಬೇಸಿನ ಮೇಲೆ ಕಣ್ಣಿಡುವ ಮೂರು ಟೂಲುಗಳನ್ನು ತಂದ. ದರ್ಪಣ ಎಂಬುದು ಎಲ್ಲವನ್ನೂ ಬಣ್ಣಬಣ್ಣದ ಗೆರೆಗಳಲ್ಲಿ ಬಿಡಿಸಿ ತೋರಿಸುತ್ತಿತ್ತು. ನಾಡಿ ಎಂಬುದು ಒಳಹೊಕ್ಕು, ಡೇಟಾಬೇಸಿಗೆ ಬಂದ ಯಾವ ಪ್ರಶ್ನೆಗೆ ಉತ್ತರ ತಡವಾಯಿತು ಎಂದು ಹೇಳುತ್ತಿತ್ತು. ಗಂಟೆ ಎಂಬುದು ಏನಾದರೂ ಕೆಟ್ಟರೆ ಮೊಬೈಲಿನಲ್ಲಿ ಕೂಗಿಕೊಳ್ಳುತ್ತಿತ್ತು.

ಮೂರನ್ನೂ ಅದೇ ಡೇಟಾಬೇಸಿಗೆ ಕಟ್ಟಿದ. ಅಕ್ಕಪಕ್ಕ ಇಟ್ಟು ನೋಡದಿದ್ದರೆ ಯಾವುದು ಮೇಲು ಎಂದು ತಿಳಿಯುವುದಾದರೂ ಹೇಗೆ?

ಕೆಲವು ದಿನ ಕಳೆದ ಮೇಲೆ ಗುರುಗಳು ಕೇಳಿದರು.

“ಹೇಗಿದೆ ಮರಿ?”

“ನೋಡೋಕೆ ದರ್ಪಣ ಬಹಳ ಚೆನ್ನಾಗಿದೆ ಬುದ್ಧಿ. ಆದ್ರೆ ಒಳಗಿನ ವಿಷಯಕ್ಕೆ ನಾಡಿನೇ ಸರಿ. ಗಂಟೆ ಸ್ವಲ್ಪ ಒರಟು, ಸುಮ್ಮಸುಮ್ಮನೆ ಕೂಗುತ್ತೆ.”

“ನಾನು ಡೇಟಾಬೇಸ್ ಹೇಗಿದೆ ಅಂತ ಕೇಳ್ದೆ.”

“ಅದು ನಿಧಾನನೇ ಇದೆ. ಆದ್ರೆ ನಿಧಾನ ಇದೆ ಅಂತ ಮೂರೂ ಕರೆಕ್ಟಾಗಿ ಹೇಳ್ತಿವೆ ಬುದ್ಧಿ!”

ಗುರುಗಳು ನಕ್ಕು ಎದ್ದರು. ಹೊಳೆಯ ಕಡೆ ಹೊರಟುಹೋದರು.

ಅದನ್ನು ಮೆಚ್ಚುಗೆ ಎಂದುಕೊಂಡ ಪಂಚಾಕ್ಷರಿಗೆ ಹುರುಪು ಬಂತು. ನಿಮಿಷಕ್ಕೊಮ್ಮೆ ಡೇಟಾಬೇಸನ್ನು ಹೇಗಿದ್ದೀಯಾ ಎಂದು ಕೇಳುತ್ತಿದ್ದ ಟೂಲುಗಳನ್ನು ಕ್ಷಣಕ್ಷಣಕ್ಕೂ ಕೇಳುವಂತೆ ಮಾಡಿದ. ಮೂರರಲ್ಲಿ ಯಾವುದು ಮೊದಲು ಕಂಡುಹಿಡಿಯುತ್ತದೆ ಎಂಬುದು ಆಗ ತಾನೇ ಗೊತ್ತಾಗುವುದು.

ಡೇಟಾಬೇಸ್ ಇನ್ನಷ್ಟು ನಿಧಾನವಾಯಿತು. ದರ್ಪಣದ ಗೆರೆಗಳು ಕೆಂಪಾದವು. ಸ್ವಲ್ಪ ಹೊತ್ತಿಗೆ ಗಂಟೆಯೂ ಕೂಗಿತು.

ಪಂಚಾಕ್ಷರಿ ಗುರುಗಳ ಬಳಿಗೆ ಓಡಿದ.

“ನೋಡಿದ್ರಾ ಬುದ್ಧಿ! ಗಂಟೆಗಿಂತ ಮುಂಚೆ ದರ್ಪಣ ಕಂಡುಹಿಡೀತು!”

ಜ್ವರ ಏರಿತೆಂದು ಥರ್ಮಾಮೀಟರಿಗೆ ಹಾರ ಹಾಕುವವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನಂತೂ ಇವನೊಬ್ಬನನ್ನೇ ಕಂಡದ್ದು.

ಅಷ್ಟರಲ್ಲಿ ಆಸ್ಪತ್ರೆಯ ಕಡೆಯಿಂದ ಸಿಸ್ಟರ್ ದಾಕ್ಷಾಯಿಣಿ ಓಡಿ ಬಂದರು. ಮುಖ ಬಿಳಿಚಿಕೊಂಡಿತ್ತು, ಸಿರಿಂಜು ಇನ್ನೂ ಕೈಯಲ್ಲೇ ಇತ್ತು.

“ಕೊಂದೇಬಿಡ್ತಿದ್ದೆ ಬುದ್ಧಿ!”

“ಯಾರನ್ನ ತಾಯಿ? ಉಸಿರು ತಗೊಂಡು ಹೇಳಿ.”

“ಚಿಕ್ಕತಾಯಮ್ಮನ್ನ. ಕಾಲಿಗೆ ಗಾಜು ಹೊಕ್ಕು ಕೀವಾಗಿ, ಸುಡೋ ಜ್ವರದಲ್ಲಿ ಬಂದ್ರು. ಡಾಕ್ಟ್ರು ಇಂಜೆಕ್ಷನ್ ಬರೆದ್ರು. ಹೆಸರು ಹೊಡ್ದೆ, ಪುಟ ಬರ್ಲಿಲ್ಲ. ಕಾದೆ, ಬರ್ಲೇ ಇಲ್ಲ. ಜ್ವರ ಏರ್ತಾ ಇತ್ತು, ಡಾಕ್ಟ್ರು ಕೊಟ್ಬಿಡಿ ಅಂದ್ರು. ಸೂಜಿ ಇನ್ನೇನು ಚುಚ್ಚಬೇಕು, ಆಗ ಬಂತು ಪುಟ. ಆ ಔಷಧಿ ಅವರಿಗೆ ಆಗೋದೇ ಇಲ್ಲ ಬುದ್ಧಿ! ಹೋದ ಸಲ ಅದ್ರಿಂದಲೇ ಉಸಿರು ಕಟ್ಟಿ, ಕಷ್ಟದಲ್ಲಿ ಉಳ್ಕೊಂಡಿದ್ರಂತೆ.”

“ಈಗ?”

“ಡಾಕ್ಟ್ರು ಬೇರೆ ಔಷಧಿ ಕೊಟ್ರು. ಮಲಗಿದ್ದಾರೆ.”

ದಾಕ್ಷಾಯಿಣಿ ಜಗಲಿಯ ಮೇಲೆ ಕುಸಿದು ಕೂತು ಅತ್ತರು.

 

ಗುರುಗಳು ಪಂಚಾಕ್ಷರಿಯ ಕಡೆ ತಿರುಗಿದರು.

“ಈ ತಾಯಿ ಕಾಯ್ತಾ ನಿಂತಿದ್ದಾಗ ಡೇಟಾಬೇಸ್ ಯಾರಿಗೆ ಉತ್ತರ ಕೊಡ್ತಾ ಇತ್ತು?”

“ಗೊತ್ತಿಲ್ಲ ಬುದ್ಧಿ.”

“ಕಣ್ಣಿಡೋಕೆ ಮೂರು ಇಟ್ಟಿದ್ದೀಯಲ್ಲ, ನೋಡು.”

ಇಬ್ಬರೂ ಕಂಪ್ಯೂಟರಿನ ಮುಂದೆ ಹೋದರು. ಪಂಚಾಕ್ಷರಿ ನಾಡಿಯನ್ನು ತೆರೆದ. ಟೂಲುಗಳು ಕೇಳುವ ಪ್ರಶ್ನೆಗಳನ್ನು ಬಿಟ್ಟು ಉಳಿದವನ್ನು ಮಾತ್ರ ತೋರಿಸುವಂತೆ ಅವನೇ ಅದನ್ನು ಹೊಂದಿಸಿದ್ದ, ನೋಟ ಚೊಕ್ಕವಾಗಿರಲಿ ಎಂದು. ಈಗ ಆ ಮರೆ ತೆಗೆದ.

ದರ್ಪಣ ಕೇಳಿದ್ದು. ನಾಡಿ ಕೇಳಿದ್ದು. ಗಂಟೆ ಕೇಳಿದ್ದು. ಮತ್ತೆ ದರ್ಪಣ, ಮತ್ತೆ ನಾಡಿ. ಹೇಗಿದ್ದೀಯಾ, ಹೇಗಿದ್ದೀಯಾ, ಹೇಗಿದ್ದೀಯಾ. ಆ ಗದ್ದಲದ ನಡುವೆ ಎಲ್ಲೋ ಒಂದು ಸಾಲು ಸಿಕ್ಕಿಕೊಂಡಿತ್ತು. ಅದು ಚಿಕ್ಕತಾಯಮ್ಮನ ಪುಟವನ್ನು ಕೇಳಿದ ಸಾಲು.



“ಬುದ್ಧಿ, ಅಡ್ಡ ನಿಂತಿದ್ದು ನಾನೇ!”

ಗುರುಗಳು ಮೂರನ್ನೂ ಒಂದೊಂದಾಗಿ ನಿಲ್ಲಿಸತೊಡಗಿದರು.

“ಎಲ್ಲಾನೂ ನಿಲ್ಲಿಸಿದ್ರೆ ನಮಗೆ ಕಣ್ಣೇ ಇಲ್ದಂಗೆ ಆಗುತ್ತಲ್ಲ ಬುದ್ಧಿ.”

“ಇಷ್ಟು ದಿನ ಇತ್ತಾ?”

ಪುಟಗಳು ಸ್ವಲ್ಪ ಬೇಗ ತೆರೆಯತೊಡಗಿದವು. ಸ್ವಲ್ಪ ಮಾತ್ರ.

“ಇನ್ನೂ ಪೂರ್ತಿ ಸರಿಹೋಗಿಲ್ಲ ಬುದ್ಧಿ. ಯಾಕೆ?”

“ಚಿಕ್ಕತಾಯಮ್ಮನ ಜೊತೆ ಯಾರೂ ಬಂದಿಲ್ವಂತೆ. ಹೋಗಿ ಅವರ ಹತ್ರ ಕೂತ್ಕೋ.”

“ಬುದ್ಧಿ, ಡೇಟಾಬೇಸು…”

“ಹೋಗು.”

ಹೋದ. ಚಿಕ್ಕತಾಯಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಎದೆ ಏರಿಳಿಯುವುದನ್ನು ನೋಡಿದರೂ ಅವನಿಗೆ ಧೈರ್ಯ ಬರಲಿಲ್ಲ.

“ಹೇಗಿದ್ದೀರಮ್ಮ?”

“ಬಾಯ್ ಒಣಗ್ತಾ ಅದೆ ಕಣಪ್ಪ.”

“ಕಾಲು ನೋಯುತ್ತಾ?”

“ಊಂ.”

“ಉಸಿರಾಟ ಸರಾಗ ಇದೆಯಾ?”

“ಅದೆ.”

ಆಕೆಗೆ ಜೊಂಪು ಹತ್ತಿತು. ಪಂಚಾಕ್ಷರಿಗೆ ಗಾಬರಿ. ಭುಜ ಮುಟ್ಟಿ ಎಬ್ಬಿಸಿದ.

“ಅಮ್ಮಾ, ಈಗ ಹೇಗಿದ್ದೀರಿ?”

“ಬಾಯ್ ಒಣಗ್ತಾ ಅದೆ.”

“ಜ್ವರ ಇಳಿದ ಹಾಗಿದೆಯಾ?”

“ನಂಗೇನ್ ಗೊತ್ತಪ್ಪ.”

ಮತ್ತೆ ಕಣ್ಣು ಮುಚ್ಚಿದರು. ಪಂಚಾಕ್ಷರಿ ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಸತ್ತುಗಿತ್ತು ಹೋದರೆ?

“ಅಮ್ಮಾ, ಅಮ್ಮಾ. ಈಗ?”

ಆಕೆ ಕಣ್ಣು ಬಿಟ್ಟು ಅವನನ್ನೇ ನೋಡಿದರು. ಸಿಟ್ಟಿಗೋ ಸಂಕಟಕ್ಕೋ ಕಣ್ಣಲ್ಲಿ ನೀರು ತುಂಬಿತ್ತು.

“ಆಗ್ಲೇ ಯೋಳಿದ್ನಲ್ಲಪ್ಪ, ಬಾಯ್ ಒಣಗ್ತಾ ಅದೆ ಅಂತ. ಎಷ್ಟ್ ಸತಿ ಯೋಳ್ಲಿ? ಯೋಳುದ್ರೂ ಕೇಳ್ತೀಯ, ಕಣ್ ಮುಚ್ಚುದ್ರೂ ಕೇಳ್ತೀಯ!”

ನೀರಿನ ಹೂಜಿ ಕಿಟಕಿಯ ಹತ್ತಿರವಿತ್ತು. ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮಲಗಿದ್ದ ಆಕೆಗೆ ಎಟುಕುತ್ತಿರಲಿಲ್ಲ.

ಪಂಚಾಕ್ಷರಿ ಗರಬಡಿದವನ ಹಾಗೆ ಆ ಹೂಜಿಯನ್ನೇ ನೋಡಿದ.

ಗುರುಗಳು ಯಾವಾಗ ಬಂದರೋ, ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಲೋಟಕ್ಕೆ ನೀರು ಬಗ್ಗಿಸಿದರು. ಆಕೆಯ ತಲೆಯನ್ನು ಎತ್ತಿ ಹಿಡಿದು ಕುಡಿಸಿದರು, ದಿಂಬು ಸರಿಮಾಡಿದರು.  ಚಿಕ್ಕತಾಯಮ್ಮ ನಿದ್ದೆ ಹೋದರು.

ಪಂಚಾಕ್ಷರಿ ಪಿಸುಮಾತಿನಲ್ಲಿ ಹೇಳಿದ.

“ಡೇಟಾಬೇಸೂ ಹೀಗೇ ಹೇಳಿತ್ತು ಬುದ್ಧಿ. ಮೊದಲನೇ ದಿನವೇ ಹೇಳಿತ್ತು.”

“ಏನಂತ?”

“ಹೆಸರುಗಳಿಗೆ ಇಂಡೆಕ್ಸ್ ಕಟ್ಟಿಲ್ಲ ಅಂತ. ಒಬ್ಬರ ಪುಟ ಹುಡುಕೋಕೆ ಪ್ರತಿ ಸಲ ಎಲ್ಲರ ಪುಟವನ್ನೂ ಮೊದಲಿಂದ ಮಗುಚಬೇಕಾಗಿದೆ ಅಂತ. ದರ್ಪಣ ಹೇಳ್ತು, ನಾಡಿ ಹೇಳ್ತು, ಗಂಟೆನೂ ಅದನ್ನೇ ಕೂಗ್ತು.”

“ನೀನೇನು ಮಾಡ್ದೆ?”

“ಕರೆಕ್ಟಾಗಿ ಹೇಳಿದ್ವು ಅಂತ ಮೂರಕ್ಕೂ ಮಾರ್ಕ್ಸ್ ಕೊಟ್ಟೆ.”

ತನ್ನ ಬಾಯಿಂದಲೇ ಆ ಮಾತು ಕೇಳಿ ಅವನಿಗೆ ನಾಚಿಕೆಯಾಯಿತು. 

“ಒಂದು ಸಾಲು ಬರೆದಿದ್ರೆ ಇಂಡೆಕ್ಸ್ ಕಟ್ಟಿ ಆಗ್ತಿತ್ತು. ಬರೀಲಿಲ್ಲ. ಈ ತಾಯಿ ಸತ್ತೇಹೋಗ್ತಿದ್ರು ಬುದ್ಧಿ! ನಾನು ಮಾತ್ರ ಹಗಲೂ ರಾತ್ರಿ ಬಿಡದೆ ವಿಚಾರಿಸ್ತಾನೇ ಇದ್ದೆ.”

ಗುರುಗಳು ಖಾಲಿ ಲೋಟವನ್ನು ಅವನ ಕೈಗಿಟ್ಟರು.

“ವಿಚಾರಿಸಿದ್ದು ಸಾಕು ಮರಿ. ಇನ್ನು ವಿಚಾರಿಸಿಕೋ.”