ಯಜಮಾನರು ಧ್ಯಾನದಲ್ಲಿದ್ದಾರೆ

ಮರದ ಮಿಲ್ಲಿನ ಪುಟ್ಟಮಾದಪ್ಪನವರು ಬೈಲುಕುಪ್ಪೆಯ ಟಿಬೆಟನ್ ಶಿಲ್ಪಿಯ ಕೈಯಲ್ಲಿ ಚಿನ್ನದ ಲೇಪದ ತಾರಾದೇವಿಯ ಮೂರ್ತಿ ಮಾಡಿಸಿ ತಂದರು. ದೇವಿಯ ಒಂದು ಕಾಲು ಮಡಚಿತ್ತು, ಇನ್ನೊಂದು ಕೆಳಗಿಳಿದಿತ್ತು. ಕರೆದರೆ ಎದ್ದು ಬರುವ ಹಾಗೆ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆದರೆ ಅದರ ಮುಂದೆ ಧ್ಯಾನಕ್ಕೆ ಕೂತರೆ ಅವರ ಕಾಲು ಜೋಮು ಹಿಡಿಯುತ್ತಿತ್ತು.

ಅಡುಗೆಯವನನ್ನು ಕರೆದರು. "ನಾಳೆಯಿಂದ ಬೆಳಿಗ್ಗೆ ನೀನು ಕೂತ್ಕೋ. ನೀನು ಕೂತರೆ ನಾನೇ ಕೂತ ಹಾಗೆ. ಆ ಹೊತ್ತಲ್ಲಿ ಮನೇಲಿ ಯಾರೂ ತುಟಿ ಪಿಟಕ್ ಅನ್ನಬಾರದು."

"ಆಗಲಿ ಬುದ್ದಿ," ಅಂದ ಅವನು.

ಮರುದಿನ ಬೆಳಿಗ್ಗೆಯೇ ಬೀಗರು ಬಂದರು. ಯಜಮಾನರು ಧ್ಯಾನದ ಕೋಣೆಗೆ ನುಗ್ಗಿದರು. "ಏಳೋ, ಕಾಫಿ ಮಾಡು. ಇಲ್ಲಾಂದ್ರೆ ಕೆಲಸ ಬಿಟ್ಟು ನಡಿ."

ಅವನು ಕಣ್ಣು ತೆರೆಯಲಿಲ್ಲ. "ಮೆತ್ತಗೆ ಬುದ್ದಿ. ಯಜಮಾನರು ಧ್ಯಾನದಲ್ಲಿದ್ದಾರೆ. ಈಗ ನಾನು ಎದ್ದರೆ, ಅರ್ಧಕ್ಕೆ ಎದ್ದುಹೋದವರು ನೀವೇ ಆಗ್ತೀರಿ."

ಬಾಗಿಲಲ್ಲಿ ನಿಂತಿದ್ದ ಬೀಗರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಯಜಮಾನರು ದೇವಿಯ ಕಡೆ ನೋಡಿದರು. ಅವಳೂ ಏಳಲಿಲ್ಲ. ಕೊನೆಗೆ ತುದಿಗಾಲಲ್ಲಿ ಅಡುಗೆಮನೆಗೆ ಹೋಗಿ ತಾವೇ ಹಾಲು ಕಾಯಿಸಿದರು.

ಕಾಫಿಯ ಘಮ ಹರಡಿದಾಗ ಕೋಣೆಯಿಂದ ಮೆಲ್ಲನೆ ದನಿ ಬಂತು: "ಯಜಮಾನರಿಗೂ ಒಂದು ಲೋಟ ಇಡಿ ಬುದ್ದಿ."