ಗಾಣಿಗನ ಮಗಳ ಉಂಗುರ

"ಗುರುಗಳೇ, ನಂಬಿಕಸ್ಥನನ್ನು ಗುರುತಿಸುವುದು ಹೇಗೆ?" ಎಂದು ಕಲ್ಲಿನಾಥ ಕೇಳಿದ.

ಗುರುಗಳು ಊಟ ಮುಗಿಸಿ ಮಠದ ಜಗಲಿಯಲ್ಲಿ ಕೂತಿದ್ದರು. ಈಗ ಅಂಥ ಸಂಕಟ ಏನು ಬಂತು ಎಂದು ವಿಚಾರಿಸಿದರು. ಶಿಷ್ಯ ಹೇಳಿಕೊಂಡ. ಮುಂದಿನ ತಿಂಗಳು ಅವನ ತಮ್ಮನ ಮದುವೆ. ವಧೂವರರಿಗೆ ಉಂಗುರ ಮಾಡಿಸಬೇಕು. ಮೂವತ್ತು ವರ್ಷ ಮನೆಗೆ ಒಡವೆ ಮಾಡಿಕೊಟ್ಟ ಅಕ್ಕಸಾಲಿಯನ್ನು ಈಗ ಬಿಟ್ಟಿದ್ದಾರೆ. ಅಕ್ಕನ ಬಳೆಗೆ ಅವನು ಕೀಳು ಲೋಹ ಬೆರೆತ ಬೆಸುಗೆಯನ್ನು ಇರಬೇಕಾದ್ದಕ್ಕಿಂತ ಹೆಚ್ಚು ಹಾಕಿಬಿಟ್ಟಿದ್ದ. ಒಳಗಿನ ಬೆಸುಗೆ ತಕ್ಕಡಿಗೂ ಸಿಕ್ಕುವುದಿಲ್ಲ, ಒರೆಗಲ್ಲಿಗೂ ಸಿಕ್ಕುವುದಿಲ್ಲ. ಅಂಥ ಕಡೆ ತಪ್ಪಿದವನನ್ನು ಇನ್ನು ನಂಬುವುದು ಹೇಗೆ? ಕಲ್ಲಿನಾಥ ಪೇಟೆಯ ನಾಲ್ಕು ಅಂಗಡಿ ಸುತ್ತಿ ಬಂದಿದ್ದ. ನಮ್ಮಲ್ಲಿ ತಪ್ಪು ಎನ್ನುವುದೇ ಇಲ್ಲ ಎಂದು ನಾಲ್ವರೂ ಹೇಳಿದ್ದರು. ಯಾರನ್ನು ಆರಿಸಬೇಕೋ ಅವನಿಗೆ ತೋಚಿರಲಿಲ್ಲ.

ಗುರುಗಳು ನಕ್ಕು, ಕೂತುಕೋ ಎಂದು ಕತೆ ಶುರುಮಾಡಿದರು.

ಒಬ್ಬ ಗಾಣಿಗನಿದ್ದ. ಹೆಂಡತಿ ತೀರಿಕೊಂಡು ಐದು ವರ್ಷವಾಗಿತ್ತು. ಒಬ್ಬಳೇ ಮಗಳಿಗೆ ಮದುವೆ ಗೊತ್ತಾಯಿತು. ಮಗಳು ಕೇಳಿದ್ದು ಒಂದೇ. ಅವ್ವನ ಚಿನ್ನದ ಕಡಗ ಕರಗಿಸಿ ತನಗೊಂದು, ವರನಿಗೊಂದು ಉಂಗುರ ಮಾಡಿಸಬೇಕು. ಹಾಗಾದರೆ ಅವ್ವ ಹಂದರದಲ್ಲಿ ಇದ್ದಂತೆಯೇ ಆಗುತ್ತದೆ ಎಂದಳು. ಗಾಣಿಗನ ಕಣ್ಣು ತುಂಬಿತು, ಆಗಲಿ ಎಂದ.

ತಂದೆ ಮಗಳು ಮೊದಲು ಪೇಟೆಯ ದೊಡ್ಡ ವ್ಯಾಪಾರಿಯ ಬಳಿಗೆ ಹೋದರು. ವ್ಯಾಪಾರಿ ಕಡಗವನ್ನು ಒರೆಗೆ ಹಚ್ಚಿದ, ತೂಗಿದ, ಒಳ್ಳೆಯ ಚಿನ್ನ ಎಂದ. ಇಷ್ಟೇ ತೂಕದ, ಇದೇ ಒರೆಯ ಉಂಗುರ ಸಿದ್ಧವಾಗಿಯೇ ಇವೆ, ಬೇಕಾದ್ದನ್ನು ಆರಿಸಿಕೊಂಡು ಈಗಲೇ ಒಯ್ಯಿರಿ ಎಂದ. ಅವನು ಮೋಸಗಾರನಲ್ಲ, ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಇವುಗಳಲ್ಲಿ ಅವ್ವ ಇಲ್ಲವಲ್ಲ ಎಂದು ಮಗಳು ಮೆಲ್ಲಗೆ ಹೇಳಿದಳು. ಚಿನ್ನಕ್ಕೇನು ಹೆಸರಿರುತ್ತದೆಯೇ ಎಂದು ವ್ಯಾಪಾರಿ ನಕ್ಕ. ಗಾಣಿಗ ಕಡಗವನ್ನು ಮತ್ತೆ ವಸ್ತ್ರದಲ್ಲಿ ಕಟ್ಟಿಕೊಂಡ.

ಆಮೇಲೆ ತಮ್ಮ ಓಣಿಯ ಅಕ್ಕಸಾಲಿಯ ಬಳಿಗೇ ಬಂದ. ಚಿನ್ನ ಕೊಟ್ಟವರು ಕೆಲಸ ಮುಗಿಯುವತನಕ ಅಕ್ಕಸಾಲಿಯ ಎದುರು ಕೂತು ನೋಡುವುದು ಆ ಕಡೆಯ ರೂಢಿ. ಗಾಣಿಗನೂ ಮಗಳ ಆಸೆ ತಿಳಿಸಿ ಚಾಪೆ ಹಾಸಿಕೊಂಡು ಕೂತ. ಅಕ್ಕಸಾಲಿ ಕಡಗವನ್ನು ಚೂರು ಮಾಡಿ ತೆಂಗಿನ ಕರಟದಲ್ಲಿ ಹಾಕಿದ. ಪಕ್ಕದಲ್ಲಿ ಇನ್ನೊಂದು ಕರಟವಿತ್ತು. ತನ್ನ ಹೆಂಡತಿಯ ಹಳೆಯ ಕಿವಿಯೋಲೆಯನ್ನು ಹೊಸದು ಮಾಡಿಕೊಡುತ್ತೇನೆಂದು ಎರಡು ವರ್ಷ ಸಬೂಬು ಹೇಳಿ, ಅಂದು ಬೆಳಿಗ್ಗೆಯಷ್ಟೇ ಅವನು ಅದನ್ನು ಕತ್ತರಿಸಿ ಅದರಲ್ಲಿ ಇಟ್ಟಿದ್ದ.

ಅಷ್ಟರಲ್ಲಿ ಗಾಣದ ಎತ್ತು ಹಗ್ಗ ಕಿತ್ತುಕೊಂಡು ಓಡಿದೆ ಎಂದು ಗಾಣಿಗನಿಗೆ ಕರೆ ಬಂತು. ನೀವು ಬರುವತನಕ ಮುಟ್ಟುವುದಿಲ್ಲ ಎಂದು ಅಕ್ಕಸಾಲಿ ಹೇಳಿದ. ಮದುವೆಗೆ ಇನ್ನು ಮೂರೇ ದಿನ, ನೀನು ಮುಂದುವರಿಸು ಎಂದು ಗಾಣಿಗ ಎದ್ದು ಓಡಿದ.

ಅಕ್ಕಸಾಲಿ ಚೂರುಗಳನ್ನು ಮೂಸೆಗೆ ಸುರಿದು ಬೆಂಕಿಗಿಟ್ಟ. ಕಣ್ಣು ಬೆಂಕಿಯ ಮೇಲಿತ್ತು. ಎರಡು ಕರಟದಲ್ಲಿರುವುದೂ ಕಡಗದ ಚೂರೇ ಎಂಬ ಗುಂಗಿನಲ್ಲಿ ಎರಡನೆಯದನ್ನೂ ಸುರಿದ. ನೆನಪಾಗುವಷ್ಟರಲ್ಲಿ ಎಲ್ಲ ಕರಗಿ ಒಂದಾಗಿತ್ತು.

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಬಂದು ನೋಡಿದಳು. ಕಡಗದ ತೂಕದಷ್ಟು ಕತ್ತರಿಸಿ ಉಂಗುರ ಮಾಡಿಕೊಡು, ಯಾರಿಗೆ ಗೊತ್ತಾಗುತ್ತದೆ ಎಂದಳು. ಅದು ನಿಜ. ಯಾವ ಒರೆಗಲ್ಲೂ ಅದನ್ನು ಹೇಳಲಾರದು. ಅಕ್ಕಸಾಲಿ ಅಂಗಿ ತೊಟ್ಟುಕೊಂಡು ಆರಿದ ಚಿನ್ನದ ಗಟ್ಟಿಯನ್ನು ಹಿಡಿದು ಗಾಣಿಗನ ಮನೆಗೆ ನಡೆದ.

ಮನೆ ತುಂಬ ನೆಂಟರಿದ್ದರು. ಬಾಗಿಲಲ್ಲೇ ನಿಂತು ಗಾಣಿಗನ ಕೈಗೆ ಗಟ್ಟಿಯನ್ನು ಇಟ್ಟ.

"ಯಜಮಾನರೇ, ನನ್ನ ಕೈ ತಪ್ಪಿತು. ಇದರಲ್ಲಿ ನನ್ನ ಹೆಂಡತಿಯ ಓಲೆಯೂ ಕರಗಿಹೋಗಿದೆ. ಬೇರೆ ಮಾಡುವ ವಿದ್ಯೆ ನನಗೆ ಬರುವುದಿಲ್ಲ. ನಿಮ್ಮ ಮನೆಯವರದು ಒಂದು ಗುಲಗಂಜಿಯಷ್ಟೂ ಹೊರಗೆ ಉಳಿಯಬಾರದು, ಪೂರ್ತಿ ನೀವೇ ಇಟ್ಟುಕೊಳ್ಳಿ."

ಗಾಣಿಗನಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದನೋ ಇಲ್ಲವೋ, ಮಗಳು ಬಂದು ಗಟ್ಟಿಯನ್ನು ತೆಗೆದುಕೊಂಡಳು. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

"ಅಣ್ಣಾ, ಅತ್ತಿಗೆ ಇದಕ್ಕೆ ಒಪ್ಪಿದರೇ?"

"ಇಲ್ಲವ್ವ. ಒಲೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಳೆ."

ಹುಡುಗಿ ನಕ್ಕುಬಿಟ್ಟಳು. ಇದರಲ್ಲಿ ನಮಗೆ ಎರಡು ಉಂಗುರ ಮಾಡು, ಉಳಿದದ್ದರಲ್ಲಿ ಅತ್ತಿಗೆಗೆ ಓಲೆ ಮಾಡು ಎಂದಳು. ಅವ್ವನಿಗೆ ಒಬ್ಬಳೇ ಇರುವುದು ಎಂದೂ ಹಿಡಿಸುತ್ತಿರಲಿಲ್ಲ, ಈಗ ಜೊತೆ ಸಿಕ್ಕಿತು ಎಂದಳು. ಗಾಣಿಗನ ಸಿಟ್ಟು ಎಲ್ಲಿ ಹೋಯಿತೋ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ.

ಮದುವೆಯ ದಿನ ಅಕ್ಕಸಾಲಿಯ ಹೆಂಡತಿ ಹೊಸ ಓಲೆ ಹಾಕಿಕೊಂಡು ಬಂದಳು. ವಧೂವರರಿಗೆ ಆರತಿ ಎತ್ತಲು ಮುತ್ತೈದೆಯರಲ್ಲಿ ಮೊದಲು ಅವಳನ್ನೇ ಕರೆದರು. ಹಂದರದಲ್ಲಿ ಅವ್ವ ಮೂರು ಕಡೆ ಇದ್ದಳು ಎಂದು ಹುಡುಗಿ ಆಮೇಲೆ ಬಹಳ ವರ್ಷ ಹೇಳುತ್ತಿದ್ದಳು. ಗಾಣಿಗ ಅಂದಿನಿಂದ ಚಿನ್ನ ಕೊಟ್ಟರೆ ಕಾಯಲು ಕೂರುತ್ತಿರಲಿಲ್ಲ. ನೀವು ಕೂರದಿದ್ದರೆ ನಾನು ಬೆಂಕಿ ಹೊತ್ತಿಸುವುದಿಲ್ಲ ಎಂದು ಅಕ್ಕಸಾಲಿಯೇ ಜಗಳ ತೆಗೆಯುತ್ತಿದ್ದ.

ಕತೆ ಮುಗಿಯಿತು. ಕಲ್ಲಿನಾಥನ ಮುಖ ಅರಳಿತ್ತು. ಅಂಥ ಅಕ್ಕಸಾಲಿ ನಮಗೂ ಸಿಕ್ಕಿದ್ದರೆ ಈ ಅಲೆದಾಟವೇ ಇರುತ್ತಿರಲಿಲ್ಲ ಎಂದ.

"ಅಕ್ಕನ ಬಳೆಯಲ್ಲಿ ಬೆಸುಗೆ ಹೆಚ್ಚಾಗಿದೆ ಎಂದು ನಿಮಗೆ ಹೇಳಿದವರು ಯಾರು?" ಎಂದು ಗುರುಗಳು ಕೇಳಿದರು.

ಅವನೇ ಎಂದು ಕಲ್ಲಿನಾಥ ಎದ್ದು ಹಳೆಯ ಅಕ್ಕಸಾಲಿಯ ಮನೆಯ ಕಡೆ ನಡೆದ.