ಡ್ರೈವರ್ ಕೇಳದೆ ಹೋದ ವಿಳಾಸ

ಕಂಪ್ಯೂಟರಿಗೆ ಹೊಸ ಸೌಂಡ್ ಕಾರ್ಡ್ ಬಂದ ದಿನ, ಕಾರ್ಡಿಗೆ ಹಾಡುಗಳನ್ನು ಹೊತ್ತು ತಲುಪಿಸುವ ಡ್ರೈವರ್ ಪ್ರೋಗ್ರಾಂ ಎಂದಿನಂತೆ ಹೊರಟು ನಿಂತಿತು. ತಪಾಸಣೆಯ ಪ್ರೋಗ್ರಾಂಗೆ ಯಾಕೋ ಅನುಮಾನ ಬಂತು.

"ವಿಳಾಸ ಯಾರು ಕೊಟ್ಟರು?" ಎಂದು ಅದು ಕೇಳಿತು.

"ನನಗೆ ಬಾಯಿಪಾಠ. ಹಳೆಯ ಕಾರ್ಡಿನ ಬಾಗಿಲು ಅಲ್ಲೇ ಇತ್ತು," ಎಂದಿತು ಡ್ರೈವರ್.

"ಹೊಸ ಕಾರ್ಡನ್ನು ಕೇಳಿದೆಯಾ?"

"ಕಾರ್ಡು ಅಂದಮೇಲೆ ಬಾಗಿಲು ಅಲ್ಲೇ ಇರುತ್ತದೆ. ದಾರಿ ಬಿಡಿ."

ತಪಾಸಣೆಗೆ ಆ ಅವಸರವೂ ಹಿಡಿಸಲಿಲ್ಲ. ಹಾಡಿನ ಮೂಟೆಯನ್ನು ತಡೆದು, ತಾನೇ ಹೋಗಿ ಆ ಹಳೆಯ ವಿಳಾಸದ ಬಾಗಿಲು ತಟ್ಟಿತು.

"ಯಾರಪ್ಪಾ ಅದು?" ಎಂದು ಒಳಗಿನಿಂದ ಡಿಸ್ಕ್ ಕೂಗಿತು. "ಈಗ ಇಲ್ಲಿರುವುದು ನಾನು, ನನ್ನಲ್ಲಿ ಮನೆಯವರ ಫೋಟೊಗಳಿವೆ. ಮೇಲೆ ಏನು ಸುರಿದರೂ ಎಲ್ಲ ಅಳಿಸಿಹೋಗುತ್ತವೆ!"

ಡ್ರೈವರ್ ಮೆಲ್ಲನೆ ಹೊಸ ಕಾರ್ಡಿನತ್ತ ತಿರುಗಿ, "ತಾಯಿ, ನಿಮ್ಮ ಬಾಗಿಲು ಯಾವ ಕಡೆ?" ಎಂದಿತು.

"ಬೆಳಗಿನಿಂದ ನಿನ್ನ ಪಕ್ಕದಲ್ಲೇ ಇದ್ದೇನೆ," ಎಂದಿತು ಕಾರ್ಡು, "ಈಗಲಾದರೂ ಕೇಳಿದೆಯಲ್ಲ."